ಮಗು ಯಾಕೆ ಉಣ್ಣುತ್ತಿಲ್ಲ? ಹದಿಹರೆಯದ ಊಟದ ಕಾಯಿಲೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್. ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಅನೊರೆಕ್ಸಿಯಾ, ಅಂದರೆ ದಪ್ಪ ಆಗುವ ಭಯದಿಂದ ಊಟ ಬಿಡುವ ಕಾಯಿಲೆ, ಬಂತು. ಈಗ ಡಿಗ್ರಿ ಮುಗಿಸಿದ್ದಾಳೆ. ಅವಳ ಒಪ್ಪಿಗೆ ತಗೊಂಡು ಈ ವಿಷಯ ನಾಲ್ಕು ಜನರ ಮುಂದೆ ಹೇಳಲು ಶುರು ಮಾಡಿದೆ. ಅವತ್ತಿನಿಂದ ಸ್ಟಾಫ್ ರೂಮಿನಲ್ಲಿ, ಪೋಷಕರ ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ, ಮದುವೆ ಛತ್ರದ ಕೈತೊಳೆಯುವ ಜಾಗದಲ್ಲಿ ಜನ ಪಕ್ಕಕ್ಕೆ ಕರೆದು ಕೇಳುತ್ತಾರೆ. ಕೆಲವು ಮಕ್ಕಳು ನೋಟ್‌ಬುಕ್ಕಿನೊಳಗೆ ಚೀಟಿ ಇಟ್ಟು ಕೊಟ್ಟಿದ್ದಾರೆ. ಅವರ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಟ್ಟಿದ್ದೇನೆ.

ನಾನು ಡಾಕ್ಟರ್ ಅಲ್ಲ. ಇನ್ನೊಂದು ಮಾತು: ಇಲ್ಲಿ ತೂಕದ ಅಂಕಿ, ಕ್ಯಾಲೊರಿ ಲೆಕ್ಕ ಎಲ್ಲೂ ಬರೆದಿಲ್ಲ. ಬೇಕಂತಲೇ ಬಿಟ್ಟಿದ್ದೇನೆ. ಈ ಕಾಯಿಲೆ ಇರುವ ಮಕ್ಕಳು ಅಂಥ ಅಂಕಿ ಕಂಡರೆ ಅದಕ್ಕಿಂತ ಒಂದು ಕಮ್ಮಿ ಮಾಡಬೇಕು ಅಂದುಕೊಳ್ಳುತ್ತಾರೆ.

## ಮೊದಲು ಕೇಳುವ ಪ್ರಶ್ನೆಗಳು

"ಊಟ ಬಿಡೋದೂ ಒಂದು ಕಾಯಿಲೆನಾ ಮೇಡಂ? ಎರಡೇಟು ಬಿಟ್ರೆ ಸರಿ ಹೋಗಲ್ವಾ?"

ಹೋಗಲ್ಲ. ನಾನೂ ಒಂದು ಸಲ ಕೈ ಎತ್ತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಹಟದ ಮಗು ತನಗೆ ಬೇಕಾದ್ದು ಸಿಕ್ಕರೆ ಉಣ್ಣುತ್ತದೆ. ಈ ಮಗುವಿಗೆ ಇಷ್ಟದ ತಿಂಡಿ ಮುಂದಿಟ್ಟರೂ ಕೈ ನಡುಗುತ್ತದೆ. ಹಸಿವು ಇದೆ, ಆದರೆ ಹಸಿವಿಗಿಂತ ಭಯ ದೊಡ್ಡದು. ವೈದ್ಯರು ಇದನ್ನು ಮಾನಸಿಕ ಕಾಯಿಲೆ ಅಂತಲೇ ಪಟ್ಟಿ ಮಾಡಿದ್ದಾರೆ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. ಹೃದಯ ಕೈಕೊಟ್ಟು ಸಾಯುವವರೂ ಇದ್ದಾರೆ, ಆತ್ಮಹತ್ಯೆ ಮಾಡಿಕೊಳ್ಳುವವರೂ ಇದ್ದಾರೆ.

"ಇದರಲ್ಲಿ ಎಷ್ಟು ಥರ ಇದೆ?"

ಮುಖ್ಯವಾಗಿ ನಾಲ್ಕು. ಅನೊರೆಕ್ಸಿಯಾ ನರ್ವೋಸಾದಲ್ಲಿ ದಪ್ಪ ಆಗುವ ಭಯದಿಂದ ಊಟ ಕಡಿಮೆ ಮಾಡುತ್ತಾ ಹೋಗುತ್ತಾರೆ. ಎಷ್ಟು ಸೊರಗಿದರೂ ಕನ್ನಡಿಯಲ್ಲಿ ದಪ್ಪವೇ ಕಾಣುತ್ತದೆ. ಬುಲಿಮಿಯಾದಲ್ಲಿ ಹಿಡಿತ ತಪ್ಪಿ ಒಂದೇ ಸಲ ತುಂಬಾ ತಿನ್ನುತ್ತಾರೆ, ಆಮೇಲೆ ವಾಂತಿ, ಭೇದಿ ಮಾತ್ರೆ ಅಥವಾ ಮೈ ಮುರಿಯುವ ವ್ಯಾಯಾಮದಿಂದ ಅದನ್ನು ಕಳೆಯಲು ನೋಡುತ್ತಾರೆ. ಬಿಂಜ್ ಈಟಿಂಗ್‌ನಲ್ಲಿ ಹಿಡಿತ ತಪ್ಪಿದ ತಿನ್ನುವಿಕೆ ಇರುತ್ತದೆ, ಕಳೆಯುವ ಪ್ರಯತ್ನ ಇರುವುದಿಲ್ಲ. ನಾಚಿಕೆ ಮಾತ್ರ ಬೆಟ್ಟದಷ್ಟಿರುತ್ತದೆ. ನಾಲ್ಕನೆಯದು ಆರ್ಫಿಡ್. ಇಲ್ಲಿ ತೂಕದ ಚಿಂತೆಯೇ ಇಲ್ಲ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವ ಭಯವೋ, ವಾಸನೆ, ಮೆತ್ತಗಿರುವುದು ಆಗದಿರುವುದೋ ಕಾರಣವಾಗಿ ಎರಡು ಮೂರು ಪದಾರ್ಥ ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ಒಂದರಿಂದ ಇನ್ನೊಂದಕ್ಕೆ ಜಾರುವ ಮಕ್ಕಳೂ ಇದ್ದಾರೆ. ಹಾಗಾಗಿ ಹೆಸರಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

"ಇದು ಬೆಂಗಳೂರಿನ ದುಡ್ಡಿರೋರ ಮಕ್ಕಳಿಗೆ ಬರೋದು. ನಮ್ಮ ಅರಸೀಕೆರೆ, ಮೂಡಿಗೆರೆ ಕಡೆ ಎಲ್ಲಿ?"

ಈ ಪ್ರಶ್ನೆ ಕೇಳಿದವರ ಪಕ್ಕದ ಮನೆಯಲ್ಲೇ ಇತ್ತು, ಅವರಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ, ಅಷ್ಟೇ. ಗ್ಯಾಸ್ಟ್ರಿಕ್, ರಕ್ತ ಕಮ್ಮಿ, ದೃಷ್ಟಿ ಆಗಿದೆ, ಪರೀಕ್ಷೆ ಟೆನ್ಷನ್.

ಕಾಯಿಲೆ ಹೊಸದೂ ಅಲ್ಲ. ಲಂಡನ್ನಿನ ವೈದ್ಯ ವಿಲಿಯಂ ಗಲ್ ಅನೊರೆಕ್ಸಿಯಾಗೆ ಈ ಹೆಸರಿಟ್ಟದ್ದು 1870ರ ದಶಕದಲ್ಲಿ. ಆಗ ಇನ್‌ಸ್ಟಾಗ್ರಾಂ ಇರಲಿಲ್ಲ, ಅಲ್ವಾ?

"ಹಂಗಾದ್ರೆ ಫೋನಿನದೇನೂ ತಪ್ಪಿಲ್ವಾ?"

ಇದೆ. ಫಿಜಿ ದ್ವೀಪದ ಒಂದು ಭಾಗಕ್ಕೆ 1995ರಲ್ಲಿ ಮೊದಲ ಸಲ ಟಿವಿ ಬಂತು. ಅಲ್ಲೂ ನಮ್ಮ ಹಾಗೆಯೇ, ಮೈಕೈ ತುಂಬಿಕೊಂಡಿದ್ದರೆ ಲಕ್ಷಣ ಅನ್ನುವ ಜನ. ಆನ್ ಬೆಕರ್ ಎಂಬ ಸಂಶೋಧಕಿ ಶಾಲೆಯ ಹುಡುಗಿಯರನ್ನು ಆಗೊಮ್ಮೆ, 1998ರಲ್ಲಿ ಮತ್ತೊಮ್ಮೆ ಕೇಳಿ ನೋಡಿದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಅಂದವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷದಲ್ಲಿ ನೂರಕ್ಕೆ 11 ಮಂದಿ ಇದ್ದರು. ಅದು ದಿನಕ್ಕೆ ಒಂದಷ್ಟು ಹೊತ್ತು ನೋಡುವ ಟಿವಿ. ಫೋನು ದಿಂಬಿನ ಕೆಳಗೇ ಮಲಗುತ್ತದೆ.

ಆದರೂ ಫೋನ್ ಕಿತ್ತುಕೊಂಡ ಮಾತ್ರಕ್ಕೆ ಕಾಯಿಲೆ ಹೋಗುವುದಿಲ್ಲ. ನಾವು ಕಿತ್ತುಕೊಂಡಿದ್ದೆವು.

"ನಮ್ಮ ಸಾಕಣೆಯಲ್ಲೇ ತಪ್ಪಾಯ್ತಾ?"

ಅಮ್ಮಂದಿರು ಇದನ್ನು ಕೇಳುವಾಗ ಕಣ್ಣು ತುಂಬಿಕೊಂಡಿರುತ್ತದೆ. ಉತ್ತರ: ಇಲ್ಲ. ಅವಳಿ ಮಕ್ಕಳನ್ನು ಅಧ್ಯಯನ ಮಾಡಿದವರು ಇದರಲ್ಲಿ ವಂಶವಾಹಿಯ ಪಾಲು ದೊಡ್ಡದು ಅಂತ ಕಂಡಿದ್ದಾರೆ. ಸ್ವಭಾವದ ಪಾಲೂ ಇದೆ. ಎಲ್ಲ ಅಚ್ಚುಕಟ್ಟಾಗಿರಬೇಕು, ನೂರಕ್ಕೆ ನೂರು ಬರಬೇಕು ಅನ್ನುವ ಮಕ್ಕಳು, ಬೇಗ ಗಾಬರಿಯಾಗುವ ಮಕ್ಕಳು. ಅದರ ಮೇಲೆ ಹದಿಹರೆಯದಲ್ಲಿ ಮೈ ಬದಲಾಗುವ ಸಮಯ, ಯಾರೋ ಅಂದ ಒಂದು ಮಾತು, ಒಂದು ಡಯಟ್. ಒಣಹುಲ್ಲು ಮೊದಲೇ ಇರುತ್ತದೆ. ಕಡ್ಡಿ ಗೀರಿದ್ದು ಡಯಟ್ ಆಗಿರುವುದು ಜಾಸ್ತಿ.

ಹಾಗಂತ ಮನೆಯವರ ಮಾತಿಗೆ ಲೆಕ್ಕ ಇಲ್ಲ ಅಂತಲ್ಲ. "ಡುಮ್ಮಿ" ಅಂತ ಮುದ್ದಿಗೆ ಕರೆಯುವುದನ್ನು ಇವತ್ತೇ ನಿಲ್ಲಿಸಿ.

## ಗುರುತು ಹಿಡಿಯುವುದು

"ಮನೆಯಲ್ಲಿ ಹೆಂಗೆ ಗೊತ್ತಾಗುತ್ತೆ?"

ನಮ್ಮ ಮನೆಯಲ್ಲಿ ಮೊದಲು ಗೊತ್ತಾಗಬೇಕಿದ್ದದ್ದು ನಾಯಿಯಿಂದ. ಆ ವರ್ಷ ಅದು ಸಿಕ್ಕಾಪಟ್ಟೆ ದಪ್ಪ ಆಯಿತು. ಯಾರಿಗೂ ಯಾಕೆ ಅಂತ ಹೊಳೆಯಲಿಲ್ಲ. ಮಗಳು ಮುದ್ದೆ ಮುರಿದು ಮುರಿದು ಬಸ್ಸಾರಿನಲ್ಲಿ ಕದಡುತ್ತಿದ್ದಳು. ಉಂಡ ತಟ್ಟೆಯ ಹಾಗೇ ಕಾಣುತ್ತಿತ್ತು. ಆಮೇಲೆ "ನಾನೇ ತೊಳಿತೀನಿ ಬಿಡಮ್ಮ" ಅಂತ ಹಿತ್ತಲಿಗೆ ಹೋಗುತ್ತಿದ್ದಳು. ಎಂಥ ಒಳ್ಳೆ ಮಗು ಅಂದುಕೊಂಡು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಓಡಾಡಿದೆ.

ಈಗ ಗೊತ್ತಿರುವುದನ್ನು ಹೇಳುತ್ತೇನೆ. ಎಲ್ಲರ ಜೊತೆ ಕೂತು ಉಣ್ಣದಿರಲು ನೆಪ ಹೇಳುತ್ತಾರೆ: ಈಗಷ್ಟೇ ತಿಂದೆ, ಟ್ಯೂಷನ್‌ಗೆ ಲೇಟಾಯ್ತು. ತಾವು ಉಣ್ಣದೆ ಮನೆಯವರಿಗೆಲ್ಲ ಬಡಿಸಿ ಬಲವಂತ ಮಾಡುತ್ತಾರೆ. ಮೊದಲು ಎಣ್ಣೆ ಬಿಡುತ್ತಾರೆ, ಆಮೇಲೆ ಸಕ್ಕರೆ, ಆಮೇಲೆ ಅನ್ನ. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳುತ್ತಾರೆ, ಚಳಿಯೂ ನಿಜ, ಮೈ ಮುಚ್ಚುವ ಆಸೆಯೂ ನಿಜ. ಬಾಚಣಿಗೆ ತುಂಬ ಕೂದಲು. ಕೈ ಮೇಲೆ, ಬೆನ್ನ ಮೇಲೆ ಎಳೆಕೂಸಿಗಿರುವಂಥ ನುಣುಪು ರೋಮ. ಓದುವಾಗಲೂ ನಿಂತೇ ಓದುವುದು. ವಾಂತಿ ಮಾಡಿಕೊಳ್ಳುವವರಾದರೆ ಉಂಡ ತಕ್ಷಣ ಬಚ್ಚಲುಮನೆ, ನಲ್ಲಿ ಜೋರಾಗಿ ಬಿಟ್ಟಿರುತ್ತದೆ. ಕೆನ್ನೆಯ ಕೆಳಭಾಗ ಊದುತ್ತದೆ, ಬೆರಳ ಗೆಣ್ಣಿನ ಮೇಲೆ ಗಾಯದ ಗುರುತು, ಹಲ್ಲು ಜುಂ ಅನ್ನುತ್ತದೆ.

ಇವುಗಳಲ್ಲಿ ಒಂದು ಕಂಡರೆ ಹೆದರಬೇಡಿ. ಮೂರು ನಾಲ್ಕು ಒಟ್ಟಿಗೆ ಕಂಡರೆ ಸುಮ್ನೆ ಕೂರಬೇಡಿ.

"ನನ್ನ ಮಗಳು ದಪ್ಪಗೇ ಇದ್ದಾಳಲ್ಲ, ಅವಳಿಗೆ ಬರೋಕೆ ಸಾಧ್ಯನಾ?"

ಸಾಧ್ಯ. ನೋಡಿದರೆ ಕಾಯಿಲೆ ಗೊತ್ತಾಗುವುದು ಕೆಲವರಲ್ಲಿ ಮಾತ್ರ. ಬುಲಿಮಿಯಾ ಇರುವವರ ತೂಕ ಬಹಳ ಸಲ ಸಾಮಾನ್ಯವೇ ಇರುತ್ತದೆ. ದಪ್ಪಗಿದ್ದ ಮಗು ಉಪವಾಸ ಬಿದ್ದು ಬೇಗ ಬೇಗ ಇಳಿದರೆ ನೋಡಲು ಆರೋಗ್ಯವಾಗಿಯೇ ಕಾಣುತ್ತದೆ, ನಾಡಿ ಮಾತ್ರ ಅಪಾಯದ ಮಟ್ಟಕ್ಕೆ ಇಳಿದಿರಬಹುದು. ಅಂಥ ಮಗುವಿಗೆ ನಾವು ಹೇಳುವುದು "ಪರವಾಗಿಲ್ವೇ, ಸಣ್ಣ ಆದೆ!" ಅಂತ.

"ಶನಿವಾರ ಒಪ್ಪೊತ್ತು ಮಾಡ್ತೀನಿ ಅಂತಾಳೆ. ಭಕ್ತಿ ಅಂತ ಸುಮ್ಮನಿದ್ವಿ. ಹೆಂಗೆ ತಿಳಿಯೋದು?"

ಉಪವಾಸ ಮುಗಿಯುವ ಹೊತ್ತನ್ನು ನೋಡಿ. ಭಕ್ತಿಯಿಂದ ಏಕಾದಶಿ ಮಾಡಿದವರು ದ್ವಾದಶಿ ದಿನ ಖುಷಿಯಾಗಿ ಉಣ್ಣುತ್ತಾರೆ. ರಂಜಾನಿನಲ್ಲಿ ರೋಜಾ ಇದ್ದವರು ಇಫ್ತಾರಿಗೆ ಎಲ್ಲರ ಜೊತೆ ಕೂರುತ್ತಾರೆ. ಕಾಯಿಲೆಯ ಉಪವಾಸ ಮುಗಿಯುವುದೇ ಇಲ್ಲ. ಶನಿವಾರಕ್ಕೆ ಸೋಮವಾರ ಸೇರುತ್ತದೆ, ಆಮೇಲೆ ಗುರುವಾರ. ಹಬ್ಬದ ದಿನ ಹೋಳಿಗೆ ಬಂದಾಗ ಮುಖ ಬಾಡುತ್ತದೆ. ಬೆಳೆಯುವ ಮಕ್ಕಳು ಉಪವಾಸ ಮಾಡಲೇಬೇಕು ಅಂತ ಯಾವ ದೇವರೂ ಕೇಳಿಲ್ಲ. ಮನೆಯ ಹಿರಿಯರ ಬಾಯಲ್ಲಿ, ಸಾಧ್ಯವಾದರೆ ಪೂಜೆ ಮಾಡುವವರ ಬಾಯಲ್ಲಿ ಈ ಮಾತು ಹೇಳಿಸಿ. ಬೇಗ ಕೇಳಿಸುತ್ತದೆ.

"ಡಾಕ್ಟ್ರು ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ರು. ರಕ್ತ ಪರೀಕ್ಷೆಯೂ ನಾರ್ಮಲ್."

ನಮಗೂ ಮೂರು ಕಡೆ ಅದೇ ಆಯಿತು. ಆರು ತಿಂಗಳು ಕಳೆದವು. ತಪ್ಪು ಪೂರ್ತಿ ಅವರದ್ದಲ್ಲ. ನಾನೇ "ಗ್ಯಾಸ್ಟ್ರಿಕ್ ಇರಬೇಕು ಸಾರ್" ಅಂತ ಮಾತು ಶುರು ಮಾಡಿದ್ದೆ.

ಹೊಟ್ಟೆ ಉಬ್ಬರ ನಿಜವಾಗಿಯೂ ಇರುತ್ತದೆ. ಊಟ ಕಮ್ಮಿಯಾದರೆ ಜಠರದಿಂದ ಆಹಾರ ನಿಧಾನವಾಗಿ ಇಳಿಯುತ್ತದೆ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆ. ಮೈ ಹೇಗೋ ಸಂಭಾಳಿಸುತ್ತದೆ, ಹಾಗಾಗಿ ರಕ್ತ ಪರೀಕ್ಷೆ ಬಹಳ ದಿನ ನಾರ್ಮಲ್ ಬರಬಹುದು. ಮುಂದಿನ ಸಲ ಹೀಗೆ ಹೇಳಿ: "ಇವಳು ದಪ್ಪ ಆಗ್ತೀನಿ ಅಂತ ಊಟ ಬಿಟ್ಟಿದ್ದಾಳೆ, ಇಷ್ಟು ತಿಂಗಳಲ್ಲಿ ಇಷ್ಟು ತೂಕ ಇಳಿದಿದೆ." ಮಲಗಿದಾಗ ಮತ್ತು ಎದ್ದು ನಿಂತಾಗ ಎರಡೂ ಸಲ ನಾಡಿ, ಬಿಪಿ ನೋಡಲು ಕೇಳಿ. ಇಸಿಜಿ ಮಾಡಲು, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ಎಷ್ಟಿದೆ ಅಂತ ನೋಡಲು ಕೇಳಿ. ಥೈರಾಯ್ಡ್, ಸಕ್ಕರೆ ಕಾಯಿಲೆ, ಕರುಳಿನ ಕಾಯಿಲೆ, ಟಿಬಿ ಇಲ್ಲ ಅಂತಲೂ ಖಚಿತ ಮಾಡಿಕೊಳ್ಳಬೇಕು.

"ಮುಟ್ಟು ನಿಂತು ಮೂರು ತಿಂಗಳಾಯ್ತು. ಪಿಸಿಒಡಿ ಅಂತಾರೆ, ತೂಕ ಇಳಿಸು ಅಂತಾರೆ."

ಪಿಸಿಒಡಿ, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರು, ಇರಲೂಬಹುದು. ಆದರೆ ತೂಕ ಇಳಿಯುತ್ತಿರುವ ಮಗುವಿಗೆ ಮುಟ್ಟು ನಿಂತರೆ ಮೊದಲು ಊಟದ ಬಗ್ಗೆ ಕೇಳಬೇಕು. ಶಕ್ತಿ ಸಾಲದಾದಾಗ ಮೈ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಇದೊಂದು. ಜೊತೆಗೆ ಮೂಳೆಯೂ ಸವೆಯುತ್ತದೆ. ಮೂಳೆ ಗಟ್ಟಿಯಾಗುವ ವಯಸ್ಸೇ ಇದು, ಈಗ ಕಳೆದದ್ದು ಆಮೇಲೆ ಪೂರ್ತಿ ವಾಪಸ್ ಬರುವುದು ಕಷ್ಟ. ಹಾರ್ಮೋನ್ ಮಾತ್ರೆಯಿಂದ ರಕ್ತಸ್ರಾವ ಬಂದರೆ ಎಲ್ಲ ಸರಿಯಾಯಿತು ಅಂದುಕೊಳ್ಳಬೇಡಿ.

"ಗಂಡು ಹುಡುಗ್ರಿಗೂ ಬರುತ್ತಾ?"

ಬರುತ್ತದೆ, ಗೊತ್ತಾಗುವುದು ತಡ. ಹುಡುಗರಲ್ಲಿ ಸಣ್ಣ ಆಗುವ ಆಸೆಗಿಂತ ಸಿಕ್ಸ್ ಪ್ಯಾಕ್ ಆಸೆ ಜಾಸ್ತಿ. ಜಿಮ್ಮಿನಲ್ಲಿ ಅದಕ್ಕೆ "ಕಟಿಂಗ್" ಅಂತಾರೆ. ಅನ್ನ ಬಿಟ್ಟು ಮೊಟ್ಟೆ ಬಿಳಿ, ಪ್ರೋಟೀನ್ ಪುಡಿ. ಒಂದು ದಿನ ಜಿಮ್ ತಪ್ಪಿದರೆ ಮನೆಯಲ್ಲಿ ಯುದ್ಧ. ಕಬಡ್ಡಿ, ಕುಸ್ತಿಯ ತೂಕದ ವಿಭಾಗಕ್ಕಾಗಿ ನೀರೂ ಕುಡಿಯದೆ ಇಳಿಸುವ ಹುಡುಗರನ್ನು ನೋಡಿದ್ದೇನೆ. ಶಿಸ್ತು ಅಂತ ಮೇಷ್ಟ್ರುಗಳೇ ಬೆನ್ನು ತಟ್ಟುತ್ತೇವೆ.

## ಆಸ್ಪತ್ರೆ, ಚಿಕಿತ್ಸೆ

"ಯಾವಾಗ ತಡ ಮಾಡದೆ ಓಡಬೇಕು?"

ತಲೆ ತಿರುಗಿ ಬಿದ್ದರೆ. ಎದೆ ನೋವು, ಎದೆ ಡವಗುಟ್ಟುವುದು ಇದ್ದರೆ. ಎಚ್ಚರ ಇರುವಾಗ ಸುಮ್ಮನೆ ಕೂತಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ. ನೀರನ್ನೂ ಬಿಟ್ಟಿದ್ದರೆ. ವಾಂತಿಯಲ್ಲಿ ರಕ್ತ ಕಂಡರೆ. ಮಾತು ತೊದಲಿದರೆ, ಮಂಕಾದರೆ. ಸಾಯುವ ಮಾತಾಡಿದರೆ. ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಪದೇ ಪದೇ ವಾಂತಿ ಮಾಡುವವರಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ತಾಳ ತಪ್ಪುತ್ತದೆ, ಅದು ಮುನ್ಸೂಚನೆ ಕೊಟ್ಟೇ ಬರುತ್ತದೆ ಅಂತೇನಿಲ್ಲ.

"ಹಾಸನ, ಚಿಕ್ಕಮಗಳೂರಲ್ಲಿ ಯಾರ ಹತ್ರ ಹೋಗೋದು? ಹುಚ್ಚಾಸ್ಪತ್ರೆ ಅಂದ್ರೆ ನಮ್ಮತ್ತೆ ಬಿಡಲ್ಲ."

ಅತ್ತೆಗೆ ಮಕ್ಕಳ ಡಾಕ್ಟರ್ ಅಂತಲೇ ಹೇಳಿ, ಸುಳ್ಳೇನೂ ಅಲ್ಲ. ಮೊದಲು ಮಕ್ಕಳ ವೈದ್ಯರು ಅಥವಾ ಫಿಜಿಶಿಯನ್ ಮೈ ನೋಡಬೇಕು, ಜೊತೆಗೆ ಮನೋವೈದ್ಯರು. ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಹಿಮ್ಸ್ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಅಂತ ಇರುತ್ತದೆ. ಕೈ ಮೀರಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ವಿಭಾಗವೇ ಇದೆ.

ಹೋಗುವ ಮೊದಲು ಬರೀ ಮಾತಾಡಬೇಕು ಅನಿಸಿದರೆ 14416, ಟೆಲಿ ಮಾನಸ್. 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಆರೋಗ್ಯ ವಿಮೆ ಇದ್ದರೆ ಅದನ್ನೂ ವಿಚಾರಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮೈಯ ಕಾಯಿಲೆಗೆ ಇರುವ ವಿಮೆ ಮನಸ್ಸಿನ ಕಾಯಿಲೆಗೂ ಇರಬೇಕು.

"ಚಿಕಿತ್ಸೆ ಅಂದ್ರೆ ಮಾತ್ರೆನಾ?"

ಅನೊರೆಕ್ಸಿಯಾಗೆ ಊಟವೇ ಔಷಧಿ. ಅದನ್ನೇ ವಾಸಿ ಮಾಡುವ ಮಾತ್ರೆ ಇಲ್ಲ. ಜೊತೆಯಲ್ಲಿರುವ ಖಿನ್ನತೆ, ಗಾಬರಿಗೆ ಮಾತ್ರೆ ಕೊಡಬಹುದು. ಬುಲಿಮಿಯಾ, ಬಿಂಜ್ ಈಟಿಂಗ್‌ಗೆ ಯೋಚನೆಯ ಜಾಡು ಬದಲಿಸುವ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಬುಲಿಮಿಯಾಗೆ ಫ್ಲೂಒಕ್ಸೆಟಿನ್ ಮಾತ್ರೆಯನ್ನೂ ಬಳಸುತ್ತಾರೆ.

ಅನೊರೆಕ್ಸಿಯಾದ ಮಕ್ಕಳಿಗೆ ಜಾಸ್ತಿ ಫಲ ಕೊಟ್ಟಿರುವುದು ಮನೆಯವರನ್ನೇ ಮುಂದಿಟ್ಟುಕೊಂಡು ಮಾಡುವ ಚಿಕಿತ್ಸೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡದ್ದು. ಮೊದಲು ಏನು, ಎಷ್ಟು, ಯಾವಾಗ ಉಣ್ಣಬೇಕು ಅನ್ನುವುದನ್ನು ಪೂರ್ತಿ ಅಪ್ಪ ಅಮ್ಮ ವಹಿಸಿಕೊಳ್ಳುತ್ತಾರೆ. ತೂಕ ಬಂದ ಮೇಲೆ ನಿಧಾನವಾಗಿ ಮಗುವಿನ ಕೈಗೆ ಕೊಡುತ್ತಾರೆ. ಕೊನೆಗೆ ಓದು, ಗೆಳೆಯರು, ವಯಸ್ಸಿನ ಇತರ ವಿಷಯ. ಮೂರು ಹೊತ್ತು ಊಟ, ನಡುವೆ ಎರಡು ಮೂರು ತಿಂಡಿ. ಹೇಳಲು ಸುಲಭ. ನಾನು ಎರಡು ತಿಂಗಳು ರಜೆ ಹಾಕಿದೆ.

"ತಟ್ಟೆ ಮುಂದೆ ಕೂತಾಗ ಏನಂತ ಹೇಳಲಿ?"

ಕಮ್ಮಿ ಮಾತಾಡಿ. ನಮ್ಮ ಮನೆಯ ಒಂದು ಬೆಳಗ್ಗೆ ಹೀಗಿತ್ತು.

"ನಂಗೆ ಬೇಡ."

"ಗೊತ್ತು ಪುಟ್ಟ, ಕಷ್ಟ ಆಗ್ತಿದೆ. ಇನ್ನೊಂದು ತುತ್ತು."

"ನಾನು ದಪ್ಪ ಆಗ್ಬೇಕು, ಅಷ್ಟೇ ನಿಂಗೆ."

"ನಾನು ಇಲ್ಲೇ ಕೂತಿರ್ತೀನಿ. ಇನ್ನೊಂದು ತುತ್ತು."

ಒಂದು ಅಕ್ಕಿ ರೊಟ್ಟಿಗೆ ಒಂದು ಗಂಟೆ ಹತ್ತು ನಿಮಿಷ. ಹುಚ್ಚೆಳ್ಳು ಚಟ್ನಿ ತಟ್ಟೆಯಲ್ಲೇ ಒಣಗಿ ಬಿರುಕು ಬಿಟ್ಟಿತ್ತು. ಕ್ಯಾಲೊರಿ ಚರ್ಚೆಗೆ ಇಳಿಯಬೇಡಿ, ಅದರಲ್ಲಿ ಅವರೇ ಗೆಲ್ಲುತ್ತಾರೆ. "ಆಫ್ರಿಕಾದ ಮಕ್ಕಳು" ಬೇಡ. "ನನಗೋಸ್ಕರ ತಿನ್ನು" ಬೇಡ. ಉಂಡ ಮೇಲೆ ಒಂದು ಗಂಟೆ ಜೊತೆಗಿರಿ, ಚೌಕಾಬಾರ ಆಡಿ, ಧಾರಾವಾಹಿ ನೋಡಿ. ಬೈಯುವ ಮಾತು ಬಂದರೆ ಕಾಯಿಲೆ ಬೈಯುತ್ತಿದೆ ಅಂದುಕೊಳ್ಳಿ. ನನಗೆ ದಿನಾ ಹಾಗೆ ಅಂದುಕೊಳ್ಳಲು ಆಗಲಿಲ್ಲ.

## ಇನ್ನೂ ಸ್ವಲ್ಪ ಒಳಗೆ

"ಬೇಗ ಬೇಗ ತುಪ್ಪ, ಹಾಲು ಕೊಟ್ಟು ತೂಕ ಏರಿಸಿದ್ರೆ?"

ಬಹಳ ಸೊರಗಿದ ಮಗುವಿಗೆ, ತುಂಬಾ ದಿನ ಏನೂ ತಿನ್ನದ ಮಗುವಿಗೆ ಡಾಕ್ಟರನ್ನು ಕೇಳದೆ ಹಾಗೆ ಮಾಡಬೇಡಿ. ಹಸಿದ ಮೈಗೆ ಒಮ್ಮೆಲೇ ಆಹಾರ ಬಿದ್ದರೆ ರಕ್ತದ ಫಾಸ್ಫೇಟ್ ಕುಸಿಯುತ್ತದೆ, ಹೃದಯ ಸೋಲಬಹುದು. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡಿಸಿದ ಜನ ಹೊಟ್ಟೆ ತುಂಬ ಉಂಡು ಸತ್ತದ್ದುಂಟು. ಮೊದಲ ಒಂದೆರಡು ವಾರ ರಕ್ತ ಪರೀಕ್ಷೆ ಮಾಡುತ್ತಾ ಏರಿಸುತ್ತಾರೆ. ಕಾಲು ಊದಿಕೊಂಡರೆ, ಉಸಿರು ಕಟ್ಟಿದರೆ ತಕ್ಷಣ ತೋರಿಸಿ.

"ಉಣ್ಣಲ್ಲ ಅಂತಾಳೆ, ಆದ್ರೆ ದಿನವಿಡೀ ಅಡುಗೆ ವಿಡಿಯೊ ನೋಡ್ತಾಳೆ. ಇದೆಂಥ ನಾಟಕ?"

ನಾಟಕ ಅಲ್ಲ, ಹಸಿವು. ಅಮೆರಿಕದ ಮಿನ್ನೆಸೋಟದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ, ಅವರ ಒಪ್ಪಿಗೆಯಿಂದ, ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಕೆಲವರು ಅಡುಗೆ ಪುಸ್ತಕ ಕೂಡಿಡಲು ಶುರು ಮಾಡಿದರು. ತಟ್ಟೆಯಲ್ಲಿದ್ದದ್ದನ್ನು ಗಂಟೆಗಟ್ಟಲೆ ಕಲಸುತ್ತಾ ಕೂತರು. ಸಿಡುಕು, ಮಂಕು, ಒಂಟಿತನ. ಅವರಿಗೆ ಯಾರಿಗೂ ಸಣ್ಣ ಆಗುವ ಆಸೆ ಇರಲಿಲ್ಲ. ನಿಮ್ಮ ಮಗಳ ಎಷ್ಟೋ ವಿಚಿತ್ರಗಳು ಅವಳ ಸ್ವಭಾವವಲ್ಲ, ಹೊಟ್ಟೆಗಿಲ್ಲದ ಮಿದುಳಿನವು. ಮೊದಲು ಹೊಟ್ಟೆ, ಆಮೇಲೆ ಬುದ್ಧಿಮಾತು.

"ಹಾಸ್ಟೆಲ್ ವಾರ್ಡನ್ ನಾನು. ಏನು ಮಾಡ್ಲಿ?"

ಎಲ್ಲರ ಮುಂದೆ ತಟ್ಟೆ ನೋಡಿ ಮಾತಾಡಬೇಡಿ. ಒಬ್ಬಳನ್ನೇ ಕರೆದು "ನೀನು ಸುಸ್ತಾಗಿ ಕಾಣ್ತಿದ್ದೀಯ, ನನಗೆ ಚಿಂತೆ ಆಗ್ತಿದೆ" ಅನ್ನಿ. ಒಪ್ಪಿಕೊಳ್ಳದಿದ್ದರೆ ವಾದ ಬೇಡ, ಮನೆಗೆ ತಿಳಿಸಿ. ಶಾಲೆಯವರಿಗೂ ಒಂದು ಮಾತು. ತೂಕ ಅಳೆಯುವಾಗ ಅಂಕಿಯನ್ನು ಸಾಲಿಗೆಲ್ಲ ಕೇಳುವಂತೆ ಕೂಗುವುದನ್ನು ನಿಲ್ಲಿಸೋಣ. ನಾನೂ ಹತ್ತು ವರ್ಷ ಕೂಗಿದ್ದೇನೆ.

"ನಂಗೆ 16. ತಿಂದ್ಮೇಲೆ ವಾಂತಿ ಮಾಡ್ತೀನಿ. ಅಮ್ಮಂಗೆ ಹೇಳೋಕೆ ಭಯ." *(ಚೀಟಿಯಲ್ಲಿ ಬಂದದ್ದು)*

ಇಷ್ಟು ಬರೆದದ್ದೇ ದೊಡ್ಡದು ಮಗಳೇ. ನೀನು ಕೆಟ್ಟವಳಲ್ಲ, ಕೊಳಕಿಯೂ ಅಲ್ಲ. ದಿನವೆಲ್ಲ ಹೊಟ್ಟೆ ಕಾಯಿಸಿದರೆ ಸಂಜೆ ಹಿಡಿತ ತಪ್ಪುತ್ತದೆ, ಆಮೇಲೆ ವಾಂತಿ, ಮರುದಿನ ಮತ್ತೆ ಉಪವಾಸ. ಈ ಗಾಣದಿಂದ ಒಬ್ಬಳೇ ಇಳಿಯುವುದು ಕಷ್ಟ. ಅಮ್ಮನಿಗೆ ಬಾಯಲ್ಲಿ ಹೇಳಲು ಆಗದಿದ್ದರೆ ನನಗೆ ಬರೆದ ಹಾಗೇ ಬರೆದು ಕೊಡು. ಅಮ್ಮ ಆಗದಿದ್ದರೆ ಚಿಕ್ಕಮ್ಮ, ಟೀಚರ್, ಅಥವಾ 14416. ಅಲ್ಲಿಯವರೆಗೆ, ವಾಂತಿಯಾದರೆ ತಕ್ಷಣ ಹಲ್ಲುಜ್ಜಬೇಡ, ಆಮ್ಲದಿಂದ ಮೆತ್ತಗಾದ ಹಲ್ಲು ಸವೆಯುತ್ತದೆ. ಬರೀ ನೀರಲ್ಲಿ ಬಾಯಿ ಮುಕ್ಕಳಿಸು. ತಲೆ ತಿರುಗಿದರೆ, ಎದೆ ಡವಗುಟ್ಟಿದರೆ ಭಯ ಬಿಟ್ಟು ಯಾರನ್ನಾದರೂ ಕೂಗು.

"ಪೂರ್ತಿ ವಾಸಿ ಆಗುತ್ತಾ?"

ಬಹಳ ಮಕ್ಕಳಿಗೆ ಆಗುತ್ತದೆ. ಬೇಗ ಶುರು ಮಾಡಿದಷ್ಟೂ ಚೆನ್ನ. ಆದರೆ ಲೆಕ್ಕ ತಿಂಗಳುಗಳಲ್ಲಿ, ಎಷ್ಟೋ ಸಲ ವರ್ಷಗಳಲ್ಲಿ. ತೂಕ ಮೊದಲು ಬರುತ್ತದೆ, ತಲೆಯೊಳಗಿನ ಭಯ ಆಮೇಲೆ ಹೋಗುತ್ತದೆ. ನಡುವೆ ಜಾರುವುದೂ ಇದೆ. ನಮ್ಮವಳು ಒಳ್ಳೆ ದಾರಿಗೆ ಬಂದಿದ್ದಾಗ ಹೊಳೆನರಸೀಪುರದ ಮದುವೆಯೊಂದರಲ್ಲಿ ದೊಡ್ಡಮ್ಮ ಗಲ್ಲ ಹಿಡಿದು "ಈಗ ಮೈಕೈ ತುಂಬ್ಕೊಂಡು ಲಕ್ಷಣವಾಗಿದ್ದೀಯ" ಅಂದರು. ಪ್ರೀತಿಯಿಂದಲೇ. ಆ ರಾತ್ರಿ ಊಟ ಇಲ್ಲ, ಮುಂದಿನ ವಾರವೂ ಹೆಚ್ಚುಕಮ್ಮಿ ಇಲ್ಲ. ಮತ್ತೆ ತಟ್ಟೆ ಮುಂದೆ ಕೂತೆವು. ಈಗ ನೆಂಟರಿಗೆ ಮೊದಲೇ ಫೋನ್ ಮಾಡಿ ಹೇಳುತ್ತೇನೆ: ಓದಿನ ಬಗ್ಗೆ ಕೇಳಿ, ಮೈ ಬಗ್ಗೆ ಬೇಡ.

ಕಳೆದ ಯುಗಾದಿಗೆ ಅವಳೇ ಹೋಳಿಗೆ ತಟ್ಟಿದಳು. ಎಷ್ಟು ತಿಂದಳು ಅಂತ ಎಣಿಸಬಾರದು ಅಂದುಕೊಂಡಿದ್ದೆ. ಎರಡೂವರೆ. ಉಳಿದರ್ಧ ನಾಯಿಗೆ ಹಾಕಿದಳು, ನನ್ನ ಮುಖ ನೋಡಿ ನಕ್ಕಳು.